ದೊಡ್ಡಮ್ಮನ ಕೈಯಿಂದ ಕೊಡಪಾನ ಕಸಿದುಕೊಂಡ ಮೇಲೆ

ಕುಮಟಾ ಬಸ್‌ಸ್ಟ್ಯಾಂಡಿಗೆ ಶಿರಸಿ ಬಸ್ಸು ಬಂದಾಗ ಬಾಗಿಲ ಹತ್ತಿರ ಒಂದು ನಿಮಿಷ ನಿಂತು ನೋಡಿ. ಕಾಲೇಜು ಹುಡುಗರು ಹಾರಿ ಹತ್ತುತ್ತಾರೆ. ಐವತ್ತು ದಾಟಿದವರು ಒಂದು ಕೈಯಲ್ಲಿ ಕಂಬಿ ಹಿಡಿಯುತ್ತಾರೆ. ಎಪ್ಪತ್ತರ ಆಸುಪಾಸಿನವರು ಕೈಚೀಲವನ್ನು ಮೊದಲು ಒಳಗಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳುತ್ತಾರೆ. ಹಿಂದೆ ನಿಂತವರು ಯಾರಾದರೂ 'ಹತ್ತಿ ಅಮ್ಮಾ' ಎಂದು ಬೆನ್ನಿಗೆ ಕೈ ಕೊಡುತ್ತಾರೆ. ಮಂಡಿನೋವು ಇರ್ಬೇಕು ಎಂದುಕೊಂಡು ನಾವು ಸುಮ್ಮನಾಗುತ್ತೇವೆ. ಎಷ್ಟೋ ಸಲ ತಕರಾರು ಮಂಡಿಯದ್ದಲ್ಲ, ತೊಡೆಯದ್ದು. ಅಲ್ಲಿ ಬಲ ಉಳಿದಿಲ್ಲ, ಅಷ್ಟೇ.

ನಮ್ಮ ದೊಡ್ಡಮ್ಮ ಹಾಗೆ ಹತ್ತುವವಳಾಗಿರಲಿಲ್ಲ. ಶಿರಸಿ ಪೇಟೆಯಿಂದ ಹದಿನೈದು ಕಿಲೋಮೀಟರ್ ಒಳಗೆ ಅವಳ ಊರು. ಅಡಿಕೆ ತೋಟ, ಎರಡು ಎಮ್ಮೆ, ಹಿತ್ತಲಲ್ಲಿ ಬಾವಿ. ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ತಂದವಳು. ಕೊನೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿದವಳು. ಮೂರು ವರ್ಷದ ಹಿಂದೆ, ಅವಳಿಗೆ 69 ಆಗಿದ್ದಾಗ, ಆಷಾಢದ ಒಂದು ಬೆಳಿಗ್ಗೆ ಕೊಟ್ಟಿಗೆಗೆ ಹೋಗುವಾಗ ಅಂಗಳದ ಪಾಚಿಯ ಮೇಲೆ ಕಾಲು ಜಾರಿತು. ಕೈ ಊರಿಕೊಂಡು ಬಿದ್ದಳು. "ತಮಾ, ಎಂಗೆ ಎಂತೂ ಆಜಿಲ್ಲೆ" ಎನ್ನುತ್ತಲೇ ಇದ್ದಳು. ಮಣಿಕಟ್ಟು ಮಾತ್ರ ಸೌಟಿನ ಹಾಗೆ ಸೊಟ್ಟಗಾಗಿತ್ತು.

ಪ್ಲಾಸ್ಟರ್ ಹಾಕಿದ ಡಾಕ್ಟರು ಇನ್ನೊಂದು ಮಾತು ಹೇಳಿದರು. "ನಿಂತಲ್ಲೇ ಬಿದ್ದು ಮೂಳೆ ಮುರಿದಿದೆ ಅಂದ್ರೆ ಮೂಳೆ ಹೇಗಿದೆ ಅಂತ್ಲೂ ಒಮ್ಮೆ ನೋಡಿಸಿ." ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದೆವು. ಟಿ-ಸ್ಕೋರ್ ಮೈನಸ್ 2.8 ಬಂತು, ಅಂದರೆ ಮೂಳೆ ಬಹಳ ತೆಳುವಾಗಿತ್ತು.

ಮನೆಗೆ ಬಂದವರೇ ಎಲ್ಲರೂ ಸೇರಿ ಕಾಯಿದೆ ಮಾಡಿದೆವು. ಕೊಡಪಾನ ಮುಟ್ಟಬಾರದು. ಎಮ್ಮೆ ಹತ್ತಿರ ಹೋಗಬಾರದು. ತೋಟಕ್ಕೆ ಇಳಿಯಬಾರದು. ಬಾವಿಗೆ ಪಂಪು ಬಂತು, ಜಗುಲಿಗೆ ಮೆತ್ತನೆಯ ಕುರ್ಚಿ ಬಂತು. ಇಷ್ಟು ವರ್ಷ ದುಡಿದದ್ದು ಸಾಕು, ಆರಾಮ ಕೂತ್ಕೋ ಎಂದೆವು. ಪ್ರೀತಿಯಿಂದಲೇ ಹೇಳಿದ್ದು. ಎಂಟು ತಿಂಗಳಾಗುವಷ್ಟರಲ್ಲಿ ದೊಡ್ಡಮ್ಮನಿಗೆ ಕೈ ಊರದೆ ಆ ಕುರ್ಚಿಯಿಂದ ಏಳಲಿಕ್ಕೆ ಆಗುತ್ತಿರಲಿಲ್ಲ.

ಮುರಿದದ್ದು ಕೈ, ಸೋತದ್ದು ಕಾಲು. ಇದು ಹೇಗೆ ಎಂದು ತಲೆಕೆಡಿಸಿಕೊಂಡು ಓದಲು ಕೂತೆ. ನಾನು ಡಾಕ್ಟರಲ್ಲ, ಕಾರವಾರದಲ್ಲಿ ನೌಕರಿ ಮಾಡಿಕೊಂಡಿರುವವನು. ಆದರೆ ಈ ವಿಷಯದ ಸಂಶೋಧನೆ ಅಷ್ಟೇನೂ ಗಹನವಲ್ಲ. ಅದನ್ನು ಮನೆಮಾತಿನಲ್ಲಿ ಹೇಳುವವರು ಕಡಿಮೆ, ಅಷ್ಟೇ.

ಮೂಳೆ ಕಲ್ಲಲ್ಲ, ಸೋಗೆ ಮಾಡು

ಮೂಳೆ ಅಂದ್ರೆ ನಮಗೆ ಶಾಲೆಯ ಲ್ಯಾಬಿನಲ್ಲಿ ನೇತುಹಾಕಿದ ಅಸ್ಥಿಪಂಜರ ನೆನಪಾಗುತ್ತದೆ. ಒಣಕಲು, ಗಟ್ಟಿ, ಬದಲಾಗದ್ದು. ಜೀವಂತ ಮೂಳೆ ಹಾಗಲ್ಲ. ನಮ್ಮ ಕಡೆ ಹಿಂದೆ ಸೋಗೆ ಮನೆಗಳಿದ್ದವಲ್ಲ, ಮಳೆಗಾಲಕ್ಕೆ ಮುಂಚೆ ಹಳೆ ಸೋಗೆ ಕಿತ್ತು ಹೊಸದು ಹೊದೆಸುತ್ತಿದ್ದರು. ಮೂಳೆಯಲ್ಲೂ ಇದೇ ಕೆಲಸ ನಡೆಯುತ್ತದೆ, ವರ್ಷವಿಡೀ, ಅಲ್ಲಲ್ಲಿ ಸ್ವಲ್ಪ ಸ್ವಲ್ಪ. ಆಸ್ಟಿಯೋಕ್ಲಾಸ್ಟ್ ಎಂಬ ಜೀವಕೋಶಗಳು ಹಳೆಯದನ್ನು ಕೆರೆದು ತೆಗೆಯುತ್ತವೆ. ಆಸ್ಟಿಯೋಬ್ಲಾಸ್ಟ್ ಎಂಬವು ಆ ಗುಂಡಿಯನ್ನು ತುಂಬುತ್ತವೆ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ಶೇ 10ರಷ್ಟು ಮೂಳೆ ಹೀಗೆ ಹೊಸದಾಗುತ್ತದೆ.

ಇದರಲ್ಲಿ ಒಂದು ಪೇಚಿದೆ. ಕೀಳುವ ಕೆಲಸ ಬೇಗ, ಹೊದೆಸುವ ಕೆಲಸ ನಿಧಾನ. ಒಂದು ಜಾಗದಲ್ಲಿ ಕೆರೆದು ತೆಗೆಯಲು ಎರಡು ಮೂರು ವಾರ ಸಾಕು. ಅದನ್ನು ತುಂಬಲು ಮೂರು ನಾಲ್ಕು ತಿಂಗಳು ಬೇಕು. ಮೂವತ್ತರ ಆಸುಪಾಸಿನವರೆಗೆ ತುಂಬುವವರ ಕೈ ಮೇಲಿರುತ್ತದೆ. ಆಮೇಲೆ ಸ್ವಲ್ಪ ಕಾಲ ಸಮ. ನಂತರ ಕೀಳುವವರದ್ದೇ ಕಾರುಬಾರು.

ಹೆಂಗಸರಲ್ಲಿ ಈ ಕೀಳುವ ಗುಂಪಿಗೆ ಲಗಾಮು ಹಾಕುವುದು ಈಸ್ಟ್ರೋಜನ್ ಎಂಬ ಹಾರ್ಮೋನು. ಮುಟ್ಟು ನಿಂತಾಗ ಲಗಾಮು ಸಡಿಲ. ಮೊದಲ ಐದರಿಂದ ಏಳು ವರ್ಷದಲ್ಲೇ ಕೆಲವರು ಶೇ 20ರವರೆಗೂ ಮೂಳೆಯ ಸಾಂದ್ರತೆ ಕಳೆದುಕೊಳ್ಳುತ್ತಾರೆ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವುದೇ ಸರಾಸರಿ 46ರ ಆಸುಪಾಸಿನಲ್ಲಿ, ಪಶ್ಚಿಮದ ದೇಶಗಳಿಗಿಂತ ನಾಲ್ಕೈದು ವರ್ಷ ಮೊದಲು. ಅಂದರೆ ಮಗನ ಮದುವೆ, ಮಗಳ ಬಾಣಂತನ ಎಂದು ಮನೆಯಲ್ಲಿ ಓಡಾಟ ಜಾಸ್ತಿ ಇರುವ ಹೊತ್ತಿಗೇ ಒಳಗೆ ಮೂಳೆ ಕರಗುತ್ತಿರುತ್ತದೆ. ಇದಕ್ಕೆ ನೋವಿಲ್ಲ, ಸದ್ದಿಲ್ಲ. ಎಷ್ಟೋ ಜನರಿಗೆ ಮೊದಲ ಸುದ್ದಿ ಬರುವುದೇ ಮಣಿಕಟ್ಟು ಮುರಿದಾಗ.

ಟಿ-ಸ್ಕೋರ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ, ರಿಪೋರ್ಟ್ ನೋಡಿ ಗಾಬರಿಯಾಗುವವರು ಬಹಳ. ಆರೋಗ್ಯವಂತ ಯುವಜನರ ಸರಾಸರಿ ಮೂಳೆಯನ್ನು ಸೊನ್ನೆ ಎಂದು ಇಟ್ಟುಕೊಂಡು, ನಿಮ್ಮದು ಅದಕ್ಕಿಂತ ಎಷ್ಟು ಮೆಟ್ಟಿಲು ಕೆಳಗಿದೆ ಎಂದು ಹೇಳುವ ಅಂಕಿ ಅದು. ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಗೆರೆ ಎಳೆಯಿತು: ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ; ಮೈನಸ್ 1ರಿಂದ 2.5ರ ನಡುವೆ ಇದ್ದರೆ ಆಸ್ಟಿಯೋಪೀನಿಯಾ, ಅಂದರೆ ಅದಕ್ಕಿಂತ ಹಿಂದಿನ ಹಂತ. ಆದರೆ ಮೂಳೆ ಮುರಿದುಕೊಂಡ ವಯಸ್ಸಾದ ಹೆಂಗಸರನ್ನು ಲೆಕ್ಕ ಹಾಕಿದಾಗ, ಅರ್ಧಕ್ಕಿಂತ ಹೆಚ್ಚಿನವರ ಅಂಕಿ ಈ 2.5ರ ಗೆರೆ ದಾಟಿಯೇ ಇರಲಿಲ್ಲ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಯಾಕೆ? ಮೂಳೆ ತೆಳುವಾದ ಮಾತ್ರಕ್ಕೆ ಮುರಿಯುವುದಿಲ್ಲ. ಬೀಳಬೇಕು. ಸೊಂಟದ ಹತ್ತಿರ ತೊಡೆಮೂಳೆ ಮುರಿದ ಪ್ರಕರಣಗಳಲ್ಲಿ ಶೇ 90ಕ್ಕಿಂತ ಹೆಚ್ಚು ಆಗುವುದು ಬಿದ್ದೇ. ಬೀಳುವುದನ್ನು ತಡೆಯುವುದು ಮೂಳೆಯಲ್ಲ, ಸ್ನಾಯು. ಸ್ಕ್ಯಾನ್ ಮಿಷನ್ನು ಈ ಅರ್ಧ ಕಥೆಯನ್ನು ಹೇಳುವುದೇ ಇಲ್ಲ.

ಜಾರಿದ ಕಾಲನ್ನು ಹಿಡಿದು ನಿಲ್ಲಿಸುವವರು ಯಾರು?

ವಯಸ್ಸಾದಂತೆ ಸ್ನಾಯು ಕರಗುವುದಕ್ಕೆ ಬಹಳ ಕಾಲ ಹೆಸರೇ ಇರಲಿಲ್ಲ. ಅಮೆರಿಕದ ಇರ್ವಿನ್ ರೋಸನ್‌ಬರ್ಗ್ 1989ರಲ್ಲಿ ಸಾರ್ಕೋಪೀನಿಯಾ ಎಂಬ ಪದ ಕೊಟ್ಟರು. ಗ್ರೀಕಿನಲ್ಲಿ ಮಾಂಸದ ಕೊರತೆ ಎಂದು ಅರ್ಥ. ಹೆಸರಿಟ್ಟರೆ ಜನ ಗಮನ ಕೊಡುತ್ತಾರೆ ಎಂಬುದು ಅವರ ಲೆಕ್ಕಾಚಾರ. ಅದು ಸರಿಯೂ ಆಯಿತು.

ಮೊದಮೊದಲು ಎಲ್ಲರೂ ಅಳೆದದ್ದು ಸ್ನಾಯುವಿನ ಗಾತ್ರ. ಆಮೇಲೆ ಗೊತ್ತಾಯಿತು, ಗಾತ್ರಕ್ಕಿಂತ ಬಲ ಬಹಳ ಬೇಗ ಇಳಿಯುತ್ತದೆ. ತೊಡೆ ನೋಡಲಿಕ್ಕೆ ಅಷ್ಟೇ ದಪ್ಪ ಇರಬಹುದು, ಎದ್ದು ನಿಲ್ಲಿಸುವ ತಾಕತ್ತು ಇರುವುದಿಲ್ಲ. ಕಾರಣ ನರದಲ್ಲೂ ಇದೆ. ಒಂದೊಂದು ನರತಂತು ಒಂದಿಷ್ಟು ಸ್ನಾಯು ಎಳೆಗಳಿಗೆ ಕರೆಂಟ್ ಕೊಟ್ಟ ಹಾಗೆ. ವಯಸ್ಸಾದಂತೆ ಕೆಲವು ನರತಂತುಗಳು ಸಾಯುತ್ತವೆ. ಆಗ ಪಕ್ಕದ ಕಂಬದಿಂದ ವೈರ್ ಎಳೆದುಕೊಂಡ ಹಾಗೆ, ಅನಾಥವಾದ ಎಳೆಗಳನ್ನು ಪಕ್ಕದ ನರ ದತ್ತು ತೆಗೆದುಕೊಳ್ಳುತ್ತದೆ. ಎಲ್ಲವನ್ನೂ ಅಲ್ಲ. ದತ್ತು ಸಿಗದವು ಒಣಗುತ್ತವೆ. ಹೀಗೆ ಹೋಗುವುದರಲ್ಲಿ ಜಾಸ್ತಿ ಪಾಲು ವೇಗದ ಎಳೆಗಳದ್ದು. ನಿಧಾನದ ಎಳೆಗಳು ದೇವಸ್ಥಾನದವರೆಗೆ ನಡೆಸುತ್ತವೆ. ಪಾಚಿಯ ಮೇಲೆ ಕಾಲು ಜಾರಿದಾಗ ಅರೆಕ್ಷಣದಲ್ಲಿ ಇನ್ನೊಂದು ಕಾಲನ್ನು ಮುಂದಿಟ್ಟು ಮೈಯನ್ನು ಹಿಡಿದು ನಿಲ್ಲಿಸಬೇಕಲ್ಲ, ಅದು ವೇಗದ ಎಳೆಗಳ ಕೆಲಸ. 'ದಿನಾ ಎರಡು ಕಿಲೋಮೀಟರ್ ವಾಕಿಂಗ್ ಮಾಡ್ತಿದ್ರು, ಆದ್ರೂ ಬಿದ್ರು' ಎಂದು ನಾವು ಆಶ್ಚರ್ಯಪಡುತ್ತೇವೆ. ನಡೆಯುವ ಎಳೆಗಳೇ ಬೇರೆ, ಬೀಳುವುದನ್ನು ತಡೆಯುವ ಎಳೆಗಳೇ ಬೇರೆ.

ಕೈಹಿಡಿತದ ಬಲ ಅಳೆಯುವ ಒಂದು ಸಣ್ಣ ಉಪಕರಣವಿದೆ. ಹಿಡಿ ಒತ್ತಿದರೆ ಎಷ್ಟು ಕಿಲೋ ಎಂದು ತೋರಿಸುತ್ತದೆ. ಭಾರತವೂ ಸೇರಿ 17 ದೇಶಗಳ ಸುಮಾರು 1.4 ಲಕ್ಷ ಜನರ ಹಿಡಿತ ಅಳೆದ 'ಪ್ಯೂರ್' ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಹಿಡಿತ 5 ಕಿಲೋ ಕಡಿಮೆಯಾದಂತೆಲ್ಲ ಸಾವಿನ ಅಪಾಯ ಶೇ 16ರಷ್ಟು ಹೆಚ್ಚಿತ್ತು. ಸಾವನ್ನು ಮುಂಗಾಣುವುದರಲ್ಲಿ ಮೇಲಿನ ಬಿಪಿಗಿಂತ ಈ ಹಿಡಿತವೇ ಹೆಚ್ಚು ನಿಖರವಾಗಿತ್ತು. ಹಿಡಿತ ಕಡಿಮೆಯಾಗಿ ಯಾರೂ ಸಾಯುವುದಿಲ್ಲ, ಇಡೀ ಮೈಯ ಬಲಕ್ಕೆ ಅದು ಒಂದು ಕನ್ನಡಿ. ನಮ್ಮ ದೇಶದಲ್ಲೇ 45 ದಾಟಿದ 72,000ಕ್ಕೂ ಹೆಚ್ಚು ಜನರನ್ನು ನೋಡಿದ 'ಲಾಸಿ' ಸಮೀಕ್ಷೆಯಲ್ಲೂ ಮನೆಮನೆಗೆ ಹೋಗಿ ಹಿಡಿತ ಅಳೆದರು.

ಸ್ನಾಯು ಎಳೆದರೆ ಮೂಳೆ ಕೇಳುತ್ತದೆ

ಸ್ನಾಯು ಒಂದು, ಮೂಳೆ ಇನ್ನೊಂದು ಎಂದು ನಾನು ತಿಳಿದಿದ್ದೆ. ಒಂದಕ್ಕೆ ವ್ಯಾಯಾಮ, ಇನ್ನೊಂದಕ್ಕೆ ಕ್ಯಾಲ್ಸಿಯಂ ಮಾತ್ರೆ. ಹಾಗಲ್ಲ. ಮೂಳೆಯ ಮೇಲೆ ಬೀಳುವ ಒತ್ತಡದಲ್ಲಿ ದೊಡ್ಡ ಪಾಲು ಮೈತೂಕದ್ದಲ್ಲ, ಸ್ನಾಯುವಿನ ಎಳೆತದ್ದು. ಒಂದು ಕಾಲಿನ ಮೇಲೆ ಸುಮ್ನೆ ನಿಂತರೂ ಸೊಂಟದ ಕೀಲಿನ ಮೇಲೆ ಮೈತೂಕದ ಎರಡೂವರೆ ಮೂರು ಪಟ್ಟು ಭಾರ ಬೀಳುತ್ತದೆ. ವಾಲದಂತೆ ಹಿಡಿಯಲು ಪಕ್ಕದ ಸ್ನಾಯು ಅಷ್ಟು ಜೋರಾಗಿ ಎಳೆಯಬೇಕು.

ಒತ್ತಡ ಎಲ್ಲಿ ಬೀಳುತ್ತದೋ ಅಲ್ಲಿ ಮೂಳೆ ಗಟ್ಟಿಯಾಗುತ್ತದೆ ಎಂದು ಜರ್ಮನಿಯ ಸರ್ಜನ್ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿದ್ದರು. ಟೆನಿಸ್ ಆಡುವವರ ಬ್ಯಾಟು ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ದಪ್ಪ. ಬಾಹ್ಯಾಕಾಶದಲ್ಲಿ ಭಾರವೇ ಇಲ್ಲದೆ ತೇಲುವವರು ಸೊಂಟದ ಮೂಳೆಯನ್ನು ತಿಂಗಳಿಗೆ ಶೇ 1ರಿಂದ 1.5ರಷ್ಟು ಕಳೆದುಕೊಳ್ಳುತ್ತಾರೆ. ಮೂಳೆಯೊಳಗೆ ಹುದುಗಿ ಕೂತ ಆಸ್ಟಿಯೋಸೈಟ್ ಎಂಬ ಜೀವಕೋಶಗಳು ಇದರ ಪಹರೆಯವರು. ಮೂಳೆ ಕೂದಲೆಳೆಯಷ್ಟು ಬಾಗಿದರೂ ಅವಕ್ಕೆ ತಿಳಿಯುತ್ತದೆ. ಭಾರ ಬಿದ್ದಾಗ 'ಇಲ್ಲಿ ಕಟ್ಟಿ' ಎನ್ನುತ್ತವೆ. ಭಾರ ಬೀಳದಿದ್ದರೆ ಸ್ಕ್ಲೆರೋಸ್ಟಿನ್ ಎಂಬ ರಾಸಾಯನಿಕ ಬಿಟ್ಟು ಕಟ್ಟುವವರ ಕೈ ಕಟ್ಟಿಹಾಕುತ್ತವೆ. ಮೆತ್ತನೆ ಕುರ್ಚಿಯಲ್ಲಿ ಕೂತ ದೊಡ್ಡಮ್ಮನ ಸೊಂಟದೊಳಗೆ ನಡೆದದ್ದೂ ಇದೇ.

ಕೂರುವುದು ಎಷ್ಟು ದುಬಾರಿ ಎಂದು ಅಳೆದವರೂ ಇದ್ದಾರೆ. 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸರಾಸರಿ 67 ವಯಸ್ಸಿನ, ಯಾವ ಕಾಯಿಲೆಯೂ ಇಲ್ಲದ 12 ಜನರನ್ನು ಹತ್ತು ದಿನ ಹಾಸಿಗೆಯಲ್ಲೇ ಇರಿಸಿದರು. ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಯಿತು. ತೊಡೆಯ ಬಲ ಶೇ 16ರಷ್ಟು ಇಳಿಯಿತು. ಬರೀ ಹತ್ತು ದಿನಕ್ಕೆ ಇಷ್ಟು. ನಮ್ಮಲ್ಲಿ ಜ್ವರ ಬಂದು ಎದ್ದ ಅಜ್ಜನಿಗೆ ತಿಂಗಳುಗಟ್ಟಲೆ 'ಏಳಬೇಡಿ' ಎನ್ನುತ್ತೇವೆ.

ಹಾಗಾದರೆ ಜೀವಮಾನವಿಡೀ ದುಡಿದದ್ದು?

ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಅರವತ್ತು ದಾಟಿದ ಹೆಂಗಸರು ಕುಕ್ಕರಗಾಲಲ್ಲಿ ಕೂತು, ಮೀನಿನ ಬುಟ್ಟಿ ಹೊತ್ತು ಎದ್ದು ನಿಲ್ಲುವುದನ್ನು ದಿನಾ ನೋಡುತ್ತೇನೆ. ರಂಪಣಿ ಬಲೆ ಎಳೆಯುವಾಗ ದಂಡೆಯಲ್ಲಿ ಸಾಲಾಗಿ ನಿಂತು ಮೈಯನ್ನು ಹಿಂದಕ್ಕೆ ಚೆಲ್ಲಿ ಎಳೆಯುವ ಮುದುಕರ ಹಿಮ್ಮಡಿ ಮರಳಿನಲ್ಲಿ ಹೂತುಹೋಗಿರುತ್ತದೆ. ಇವರಿಗೆ ಯಾವ ಜಿಮ್ಮೂ ಬೇಡ. ದೊಡ್ಡಮ್ಮನೂ ಹಾಗೇ ದುಡಿದವಳಲ್ಲವೇ? ಮತ್ತೆ ಮೈನಸ್ 2.8 ಎಲ್ಲಿಂದ ಬಂತು?

ಉತ್ತರದ ಒಂದು ತುದಿ ಸಿಕ್ಕಿದ್ದು ಹಕ್ಕಿಗಳ ಮೇಲಿನ ಒಂದು ಪ್ರಯೋಗದಲ್ಲಿ. 1984ರಲ್ಲಿ ರೂಬಿನ್ ಮತ್ತು ಲ್ಯಾನ್ಯನ್ ಎಂಬ ವಿಜ್ಞಾನಿಗಳು ಹಕ್ಕಿಯ ರೆಕ್ಕೆಯ ಒಂದು ಮೂಳೆಗೆ ಸಹಜ ಕೆಲಸ ಇಲ್ಲದಂತೆ ಮಾಡಿ, ಯಂತ್ರದಿಂದ ಲೆಕ್ಕದಷ್ಟೇ ಭಾರ ಹಾಕಿದರು. ಭಾರವೇ ಹಾಕದಿದ್ದಾಗ ಮೂಳೆ ತೆಳುವಾಯಿತು. ದಿನಕ್ಕೆ ನಾಲ್ಕು ಸಲ ಭಾರ ಹಾಕಿದಾಗ ಸವೆತ ನಿಂತಿತು. 36 ಸಲ ಹಾಕಿದಾಗ ಮೂಳೆ ಬೆಳೆಯಿತು. ದಿನಕ್ಕೆ 1,800 ಸಲ ಹಾಕಿದಾಗ? 36ಕ್ಕಿಂತ ಹೆಚ್ಚೇನೂ ಆಗಲಿಲ್ಲ.

ಇದನ್ನು ಓದಿದಾಗ ಮೆಟ್ಟುಗತ್ತಿ ಕಣ್ಣ ಮುಂದೆ ಬಂತು. ಒಂದು ರಾತ್ರಿಗೆ ಸಾವಿರಾರು ಅಡಿಕೆ, ಅದೇ ಕೈಚಲನೆ, ಅದೇ ಸಣ್ಣ ಒತ್ತಡ. ಮನುಷ್ಯ ದಣಿಯುತ್ತಾನೆ, ಮೂಳೆಗೆ ಬೇಜಾರು ಬರುತ್ತದೆ. ಅದಕ್ಕೆ ಬೇಕಾದದ್ದು ಸ್ವಲ್ಪ ಹೊತ್ತು, ಸ್ವಲ್ಪ ಸಲ, ಆದರೆ ರೂಢಿಗಿಂತ ಜಾಸ್ತಿ ಭಾರ. ದಣಿವೇ ಬೇರೆ, ಬಲವೇ ಬೇರೆ. ಕೂತು ಮಾಡುವ ಕೆಲಸದಲ್ಲಿ ಸೊಂಟಕ್ಕೆ, ತೊಡೆಗೆ ಏನೂ ಸಿಗುವುದಿಲ್ಲ. ಈಜು ಕೂಡ ಹಾಗೇ. ಎದೆಗೆ, ಉಸಿರಿಗೆ ಬಹಳ ಒಳ್ಳೆಯದು, ಆದರೆ ನೀರು ಮೈಯನ್ನು ಎತ್ತಿ ಹಿಡಿಯುವುದರಿಂದ ಮೂಳೆಗೆ ಹೆಚ್ಚು ಪ್ರಯೋಜನವಿಲ್ಲ. ಸಮುದ್ರದ ಪಕ್ಕದಲ್ಲಿರುವ ನಮಗೆ ಇದು ಸ್ವಲ್ಪ ನಿರಾಸೆಯ ಸುದ್ದಿ.

ಇನ್ನೊಂದು ತುದಿ ಮನೆಯಲ್ಲೇ ಇತ್ತು. ದೊಡ್ಡಮ್ಮ ಸೊಪ್ಪಿನ ಹೊರೆ ಹೊತ್ತದ್ದು ಐವತ್ತರವರೆಗೆ. ಆಮೇಲೆ ಆಳು, ಆಮೇಲೆ ಪಿಕಪ್ ಗಾಡಿ. ಒರಳುಕಲ್ಲಿನ ಜಾಗಕ್ಕೆ ಗ್ರೈಂಡರ್ ಬಂತು. ಮುಟ್ಟು ನಿಂತು ಮೂಳೆಗೆ ಭಾರ ಜಾಸ್ತಿ ಬೇಕಾದ ಹೊತ್ತಿಗೆ ಸರಿಯಾಗಿ ಭಾರ ಒಂದೊಂದೇ ಇಳಿಯಿತು. ಹಳೆಯ ದುಡಿತ ಬ್ಯಾಂಕಿನ ಡಿಪಾಸಿಟ್ ಅಲ್ಲ, ಇಪ್ಪತ್ತು ವರ್ಷ ಕಾಯುವುದಿಲ್ಲ. ಕೊನೆಗೆ ಉಳಿದದ್ದು ಬಾವಿಯ ಕೊಡಪಾನ ಒಂದೇ. ಅದನ್ನೂ ನಾವು ಕಸಿದುಕೊಂಡೆವು.

ತೊಂಬತ್ತರಲ್ಲಿ ಭಾರ ಎತ್ತಿದವರು

ಈ ವಯಸ್ಸಿನಲ್ಲಿ ಮತ್ತೆ ಬಲ ಬರುತ್ತದೆಯೇ? 1990ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಅವರ ಸಂಗಡಿಗರು ವೃದ್ಧಾಶ್ರಮದ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಅವರ ಸರಾಸರಿ ವಯಸ್ಸು 90. ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ಅಂದರೆ ಎರಡೂವರೆ ಪಟ್ಟಿಗಿಂತಲೂ ಜಾಸ್ತಿ. ಇಬ್ಬರು ಕೋಲು ಬಿಟ್ಟು ನಡೆದರು. ಸ್ನಾಯು ಬೆಳೆದದ್ದು ಶೇ 9 ಮಾತ್ರ. ಉಳಿದದ್ದೆಲ್ಲ ಮಲಗಿದ್ದ ನರಗಳು ಮತ್ತೆ ಎಚ್ಚೆತ್ತದ್ದು. ನಾಲ್ಕು ವರ್ಷದ ನಂತರ ಅದೇ ತಂಡ ನೂರು ಜನರ ಮೇಲೆ ನೋಡಿತು. ಬರೀ ಪೌಷ್ಟಿಕ ಪಾನೀಯ ಕುಡಿದವರಿಗೆ ಬಲ ಬರಲಿಲ್ಲ. ಭಾರ ಎತ್ತಿದವರಿಗೆ ಬಂತು. ಟಿವಿ ಜಾಹೀರಾತಿನ ಡಬ್ಬಿ ತಂದು ಅಪ್ಪ-ಅಮ್ಮನ ಮುಂದಿಡುವ ಮಕ್ಕಳು ಇದನ್ನು ಗಮನಿಸಬೇಕು.

ಅದು ಸ್ನಾಯುವಿನ ಮಾತಾಯಿತು. ಮೂಳೆ? ಆಸ್ಟ್ರೇಲಿಯಾದ 'ಲಿಫ್ಟ್‌ಮೋರ್' ಪ್ರಯೋಗದಲ್ಲಿ 101 ಹೆಂಗಸರಿದ್ದರು. ಮುಟ್ಟು ನಿಂತವರು, ಮೂಳೆ ತೆಳುವಾದವರು, ಸರಾಸರಿ ವಯಸ್ಸು 65. ಅರ್ಧ ಜನ ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದರು. ಉಳಿದರ್ಧ ಜನ ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ತರಬೇತುದಾರರ ಎದುರು ನಿಜವಾಗಿ ಭಾರ ಎತ್ತಿದರು. ನೆಲದಿಂದ ಭಾರ ಎತ್ತುವುದು, ಹೆಗಲ ಮೇಲಿಟ್ಟು ಕೂತು ಏಳುವುದು, ತಲೆಯ ಮೇಲೆ ಎತ್ತುವುದು, ಜಿಗಿದು ಇಳಿಯುವುದು. ಎಂಟು ತಿಂಗಳಾದ ಮೇಲೆ ಭಾರ ಎತ್ತಿದವರ ಬೆನ್ನುಮೂಳೆಯ ಸಾಂದ್ರತೆ ಶೇ 2.9ರಷ್ಟು ಏರಿತ್ತು. ಹಗುರ ವ್ಯಾಯಾಮದವರದ್ದು ಶೇ 1.2 ಇಳಿದಿತ್ತು. ಮೂಳೆ ಮುರಿಯುತ್ತದೆ ಎಂಬ ಭಯ ಎಲ್ಲರಿಗೂ ಇತ್ತು. ಯಾರದ್ದೂ ಮುರಿಯಲಿಲ್ಲ. ಒಬ್ಬರಿಗೆ ಸೊಂಟ ಹಿಡಿದುಕೊಂಡಿತ್ತು.

ನೆಲದಿಂದ ಎತ್ತಿ ತಲೆಯ ಮೇಲಿಡುವುದು. ಇದನ್ನು ನಮ್ಮ ಹೆಂಗಸರಿಗೆ ಇಂಗ್ಲಿಷ್ ಹೆಸರಿಟ್ಟು ಯಾರಾದರೂ ಹೇಳಿಕೊಡಬೇಕೇ!

ಆದರೆ ಒಂದು ಎಚ್ಚರಿಕೆ ಮುಖ್ಯ. ಈ ಪ್ರಯೋಗದಲ್ಲಿ ಪ್ರತಿಯೊಬ್ಬರ ಮೇಲೂ ಕಣ್ಣಿಟ್ಟಿದ್ದರು, ತಿಂಗಳುಗಟ್ಟಲೆ ನಿಧಾನ ಏರಿಸಿದ್ದರು. ಬೆನ್ನುಮೂಳೆ ಆಗಲೇ ಕುಸಿದವರು ಇದನ್ನು ಸ್ವಂತ ಧೈರ್ಯದಲ್ಲಿ ಮಾಡಬಾರದು. ಮೂಳೆ ತೆಳುವಾದವರಿಗೆ ಅತಿ ಅಪಾಯದ ಭಂಗಿ ಬೆನ್ನನ್ನು ಬಿಲ್ಲಿನಂತೆ ಮುಂದಕ್ಕೆ ಬಾಗಿಸುವುದು. 1984ರಲ್ಲಿ ಮೇಯೋ ಕ್ಲಿನಿಕ್ಕಿನವರು ಇಂಥ 59 ಹೆಂಗಸರ ಎಕ್ಸ್‌ರೇ ನೋಡಿದರು. ಮುಂದೆ ಬಾಗುವ ವ್ಯಾಯಾಮ ಮಾಡಿದವರಲ್ಲಿ ಶೇ 89 ಜನರ ಬೆನ್ನುಮೂಳೆ ಹೊಸದಾಗಿ ಕುಸಿದಿತ್ತು. ಬೆನ್ನನ್ನು ಹಿಂದಕ್ಕೆ ಚಾಚುವ ವ್ಯಾಯಾಮ ಮಾಡಿದವರಲ್ಲಿ ಶೇ 16 ಮಾತ್ರ. ಮೂಳೆಗೆ ಒಳ್ಳೆಯದೆಂದು ಪಶ್ಚಿಮೋತ್ತಾನಾಸನ ಮಾಡುವ ಹಿರಿಯರಿಗೆ, ಗಿಡ್ಡ ಕಸಬರಿಗೆಯಲ್ಲಿ ಬಗ್ಗಿ ಅಂಗಳ ಗುಡಿಸುವವರಿಗೆ ಇದನ್ನು ಹೇಳಲೇಬೇಕು. ಉದ್ದ ಹಿಡಿಯ ಕಸಬರಿಗೆ ತಂದುಕೊಡಿ.

ನಮ್ಮ ಜಗುಲಿಯ ಪ್ರಯೋಗ

ಏಷ್ಯಾದ ತಜ್ಞರ ಗುಂಪು 2019ರಲ್ಲಿ ಕೊಟ್ಟ ಅಳತೆಗಳು ಮನೆಯಲ್ಲೇ ನೋಡಿಕೊಳ್ಳುವಷ್ಟು ಸುಲಭ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬಲ ಕಡಿಮೆ ಎಂದು ಸಂಶಯಪಡಬೇಕು. ಆರು ಮೀಟರ್ ಮಾಮೂಲಿನಂತೆ ನಡೆಯಲು ಆರು ಸೆಕೆಂಡಿಗಿಂತ ಜಾಸ್ತಿ ಬೇಕಾದರೂ ಹಾಗೇ. ಹಿಡಿತದ ಉಪಕರಣ ಸಿಕ್ಕಿದರೆ ಗಂಡಸರಿಗೆ 28 ಕಿಲೋ, ಹೆಂಗಸರಿಗೆ 18 ಕಿಲೋ ಗೆರೆ.

ದೊಡ್ಡಮ್ಮನಿಗೆ ಒಂದು ಸಲವೂ ಏಳಲು ಆಗಲಿಲ್ಲ. ಶಿರಸಿಯಿಂದ ಒಬ್ಬ ಫಿಸಿಯೋಥೆರಪಿ ಹುಡುಗಿಯನ್ನು ಕರೆಸಿದೆವು. ಅವಳು ಮೊದಲು ಮಾಡಿದ ಕೆಲಸ ಕುರ್ಚಿಯ ಮೇಲೆ ಎರಡು ದಿಂಬು ಇಟ್ಟದ್ದು. ಎತ್ತರದಿಂದ ಏಳುವುದು ಸುಲಭ. ಎರಡು ವಾರಕ್ಕೆ ಒಂದು ದಿಂಬು ಹೋಯಿತು, ತಿಂಗಳಿಗೆ ಇನ್ನೊಂದು. ಕಂಬ ಹಿಡಿದು ಹಿಮ್ಮಡಿ ಎತ್ತುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಕಂಬದ ಹತ್ತಿರವೇ ಒಂಟಿಕಾಲಲ್ಲಿ ನಿಲ್ಲುವುದು. ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ.

"ಕೊನೆಯ ಎರಡು ಸಲ ಕಷ್ಟ ಆಗ್ಬೇಕು ಅಜ್ಜಿ. ಆಗ್ದಿದ್ರೆ ಭಾರ ಸಾಲ್ತಾ ಇಲ್ಲ ಅಂತ ಲೆಕ್ಕ" ಎಂದಳು ಹುಡುಗಿ. ಸಂಶೋಧನೆಯ ಸಾರ ಆ ಒಂದು ಮಾತಿನಲ್ಲಿತ್ತು.

ನಾಲ್ಕನೇ ತಿಂಗಳಿಗೆ ಕೊಡಪಾನ ವಾಪಸ್ ಬಂತು. ನೀರಿನಂಥ ತೂಕದ ಕಲ್ಲು ಇನ್ನೊಂದಿಲ್ಲ. ಒಂದು ಲೀಟರಿಗೆ ಒಂದು ಕಿಲೋ, ಬೇಕಾದಷ್ಟು ಏರಿಸಬಹುದು. ಮೊದಲು ಎರಡು ಲೀಟರ್, ಅದೂ ನೆಲದ ಮೇಲಲ್ಲ, ಸ್ಟೂಲಿನ ಮೇಲೆ. ಬೆನ್ನು ಹಲಗೆಯ ಹಾಗೆ ನೆಟ್ಟಗೆ, ಬಗ್ಗುವುದು ಸೊಂಟದಿಂದ, ಎತ್ತುವುದು ತೊಡೆಯಿಂದ. ದೊಡ್ಡಮ್ಮನಿಗೆ ಇದನ್ನೆಲ್ಲ ಕಲಿಸಬೇಕಾಗಲಿಲ್ಲ. ಐವತ್ತು ವರ್ಷ ಬಾವಿಕಟ್ಟೆಯಲ್ಲಿ ನಿಂತ ಮೈಗೆ ಅದು ನೆನಪಿತ್ತು. ಮಳೆಗಾಲ ಶುರುವಾದಾಗ ವಾಕಿಂಗ್ ನಿಂತಿತು, ಜಗುಲಿಯ ಕಸರತ್ತು ನಿಲ್ಲಲಿಲ್ಲ. ನಾಲ್ಕು ತಿಂಗಳು ಹೊರಗೆ ಕಾಲಿಡಲಾಗದ ನಮ್ಮ ಊರುಗಳಿಗೆ ಇದೇ ಸರಿ. ಅಂಗಳಕ್ಕೆ ಅಡಿಕೆ ದಬ್ಬೆ ಹಾಸುವುದನ್ನು ಬಿಟ್ಟು ಪಾಚಿ ತಿಕ್ಕಿ ತೊಳೆಸಿದೆವು, ಬಚ್ಚಲಿಗೆ ಹಿಡಿಕೆ ಹಾಕಿಸಿದೆವು, ಕಣ್ಣಿನ ಪೊರೆ ತೆಗೆಸಿದೆವು. ಬೀಳದಿರುವುದಕ್ಕೆ ಅದೂ ಬೇಕು.

ಊಟದ ಲೆಕ್ಕ ನೋಡಿದಾಗ ಇನ್ನೊಂದು ತೂತು ಕಂಡಿತು. ವಯಸ್ಸಾದವರಿಗೆ ಪ್ರತಿ ಕಿಲೋ ಮೈತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕೆನ್ನುತ್ತಾರೆ. 48 ಕಿಲೋ ತೂಗುವ ದೊಡ್ಡಮ್ಮನಿಗೆ ಐವತ್ತು ಗ್ರಾಂ ಆದರೂ ಬೇಕು. ಬೆಳಿಗ್ಗೆ ಎರಡು ದೋಸೆ, ಮಧ್ಯಾಹ್ನ ಅನ್ನ, ತಂಬುಳಿ, ಸಾರು, ನೀರು ಮಜ್ಜಿಗೆ, ರಾತ್ರಿ ಮತ್ತೆ ಅದೇ. ರುಚಿಗೆ ಕೊರತೆಯಿಲ್ಲ, ಮೂವತ್ತು ಗ್ರಾಂ ದಾಟುವುದು ಕಷ್ಟ. ಒಂದು ಲೋಟ ಹಾಲು ಆರೇಳು ಗ್ರಾಂ, ಒಂದು ಬಟ್ಟಲು ಗಟ್ಟಿ ತೊವ್ವೆ ಅಷ್ಟೇ. ಹೆಸರುಕಾಳು ಉಸುಳಿ, ಗಟ್ಟಿ ಮೊಸರು, ರಾತ್ರಿ ಒಂದು ಲೋಟ ಹಾಲು ಸೇರಿಸಿದೆವು. ಕರಾವಳಿಯವರಿಗೆ ಈ ಚಿಂತೆ ಕಡಿಮೆ. ನೂರು ಗ್ರಾಂ ಬಂಗಡೆಯಲ್ಲೇ ಇಪ್ಪತ್ತು ಗ್ರಾಂ ಹತ್ತಿರ ಇದೆ. ಮುಳ್ಳು ಸಮೇತ ಅಗಿದು ತಿನ್ನುವ ಸಣ್ಣ ಮೀನಾದರೆ ಕ್ಯಾಲ್ಸಿಯಂ ಪುಕ್ಕಟೆ. ಕ್ಯಾಲ್ಸಿಯಂ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತವರಿಗೆ 1,200 ಎಂಬುದು ನಮ್ಮ ದೇಶದ ಶಿಫಾರಸು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಇದೆ.

ವಿಟಮಿನ್ ಡಿ ಬಗ್ಗೆ ಒಂದೇ ಮಾತು. ಕೊರತೆ ಇದ್ದವರಿಗೆ ಅದು ಬೇಕೇ ಬೇಕು. ಜಾಸ್ತಿ ನುಂಗಿದರೆ ಜಾಸ್ತಿ ಒಳ್ಳೆಯದು ಎಂದಲ್ಲ. ಆಸ್ಟ್ರೇಲಿಯಾದಲ್ಲಿ 70 ದಾಟಿದ 2,256 ಹೆಂಗಸರಲ್ಲಿ ಅರ್ಧ ಜನರಿಗೆ ವರ್ಷಕ್ಕೊಮ್ಮೆ ಐದು ಲಕ್ಷ ಯುನಿಟ್ ಕೊಟ್ಟು ನೋಡಿದರು. 2010ರಲ್ಲಿ ಬಂದ ಫಲಿತಾಂಶದಲ್ಲಿ, ಮಾತ್ರೆ ತಿಂದವರೇ ಜಾಸ್ತಿ ಬಿದ್ದಿದ್ದರು, ಮೂಳೆಯನ್ನೂ ಜಾಸ್ತಿ ಮುರಿದುಕೊಂಡಿದ್ದರು. ಡಾಕ್ಟರು ಎಂಟು ವಾರಕ್ಕೆ ಬರೆದ ಪುಡಿಯನ್ನು ಎಂಟು ತಿಂಗಳು ತಿನ್ನುವ ನಮ್ಮವರಿಗೆ ಇದು ತಿಳಿದಿರಲಿ.

ದೊಡ್ಡಮ್ಮ ಈಗ ಐದು ಸಲ ಏಳಲು 13 ಸೆಕೆಂಡ್ ತೆಗೆದುಕೊಳ್ಳುತ್ತಾಳೆ. ಇನ್ನೂ 12ರ ಗೆರೆಯೊಳಗೆ ಬಂದಿಲ್ಲ. ಮೂಳೆಗೆ ಔಷಧಿಯೂ ಇದೆ, ಅದನ್ನು ನಿಲ್ಲಿಸಿಲ್ಲ. ಮೈನಸ್ 2.8ಕ್ಕೆ ಬರೀ ಕಸರತ್ತು ಸಾಕೆಂದು ಯಾರೂ ಹೇಳುವುದಿಲ್ಲ. ಅದು ವಾರಕ್ಕೊಂದು ಮಾತ್ರೆ, ಮಂಗಳವಾರ ಬೆಳಿಗ್ಗೆ, ಖಾಲಿ ಹೊಟ್ಟೆಗೆ, ಬರೀ ನೀರಿನ ಜೊತೆ. ನುಂಗಿದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ, ಏನೂ ತಿನ್ನುವ ಕುಡಿಯುವ ಹಾಗಿಲ್ಲ, ಇಲ್ಲದಿದ್ದರೆ ಅನ್ನನಾಳ ಸುಡುತ್ತದೆ, ಔಷಧಿಯೂ ಮೈಗೆ ಹತ್ತುವುದಿಲ್ಲ. ಎದ್ದ ಕೂಡಲೇ ಆಸರಿಗೆ ಚಾ ಬೇಕೆನ್ನುವ ದೊಡ್ಡಮ್ಮನಿಗೆ ಆ ಅರ್ಧ ಗಂಟೆ ಒಂದು ಯುಗ. ಹಾಗಾಗಿ ಮಂಗಳವಾರ ಅವಳು ಜಗುಲಿಯ ಕುರ್ಚಿಯಲ್ಲಿ ಎದ್ದು ಕೂತು, ಎದ್ದು ಕೂತು ಎಣಿಸುತ್ತಿರುತ್ತಾಳೆ. ಕಣ್ಣು ಗಡಿಯಾರದ ಮೇಲೆ, ಕಿವಿ ಅಡುಗೆಮನೆಯ ಕಡೆ, ಚಾಕ್ಕೆ ನೀರಿಟ್ಟ ಸದ್ದು ಬಂತೋ ಇಲ್ಲವೋ ಎಂದು.